ನನ್ನ ಸರದಿ, ನಿನ್ನ ಸರದಿ



ಮಗುವಿಗೆ ಮೂರೂವರೆ ವರ್ಷ. ಅಂಗನವಾಡಿಯಲ್ಲಿ ಎಲ್ಲರೂ ಕೂಡಿ ಆಡುತ್ತಿದ್ದರೆ ಇದು ಮಾತ್ರ ಮೂಲೆಯಲ್ಲಿ ಕೂತು ಡಬ್ಬಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತದೆ. ಹೆಸರು ಹಿಡಿದು ಕೂಗಿದರೂ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ. “ಇವನಪ್ಪನೂ ಚಿಕ್ಕೋನಿದ್ದಾಗ ಹೀಗೇ ಇದ್ದ, ತಾನಾಗೇ ಸರಿಹೋಗುತ್ತೆ ಬಿಡಮ್ಮ” ಅಂತಾರೆ ಅತ್ತೆ. “ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ” ಅಂತಾರೆ ಪಕ್ಕದ ಮನೆಯವರು.

ಎರಡು ಮಾತನ್ನೂ ಬದಿಗಿಡಿ ಕಣ್ರೀ. ಇದು ಸ್ವಲೀನತೆ, ಅಂದರೆ ಆಟಿಸಂನ ಲಕ್ಷಣವಿರಬಹುದು. ತಾಯಿ ಸಾಕಿದ ರೀತಿಯಿಂದ ಅದು ಬರುವುದಿಲ್ಲ. ಆದರೆ ಕಾಯುತ್ತಾ ಕೂತರೆ ಕಲಿಸಲು ಒಳ್ಳೆಯ ಕಾಲ ಜಾರಿಹೋಗುತ್ತದೆ.

ಬೇರೆ ಮಕ್ಕಳು ನೋಡಿಯೇ ಕಲಿಯುವ ಆಟದ ರೀತಿಯನ್ನು ಈ ಮಗುವಿಗೆ ಒಂದೊಂದಾಗಿ ಬಿಡಿಸಿ ಹೇಳಿಕೊಡಬೇಕು. ಎದುರುಬದುರು ಕೂತು ಚೆಂಡು ಉರುಳಿಸಿ. “ನನ್ನ ಸರದಿ”, “ನಿನ್ನ ಸರದಿ” ಎಂದು ಪ್ರತಿ ಸಲವೂ ಅದೇ ಮಾತು ಹೇಳಿ. ಒಂದು ಸಲಕ್ಕೆ ಐದು ನಿಮಿಷ ಸಾಕು. ಚಪಾತಿ ಉಂಡೆ ಕಟ್ಟುವಾಗಲೂ ನಿಮ್ಮದೊಂದು, ಮಗುವಿನದೊಂದು. ಇದು ರೂಢಿಯಾದ ಮೇಲೆ ಸಮಾಧಾನ ಸ್ವಭಾವದ ಒಂದೇ ಒಂದು ಮಗುವನ್ನು ಆಟಕ್ಕೆ ಕರೆಯಿರಿ. ಇಡೀ ಬೀದಿಯ ಮಕ್ಕಳನ್ನು ಸೇರಿಸಿದರೆ ಗದ್ದಲಕ್ಕೇ ನಿಮ್ಮ ಮಗು ಕಿವಿ ಮುಚ್ಚಿಕೊಂಡೀತು. “ನನ್ನ ಕಣ್ಣು ನೋಡು” ಎಂದು ಗದ್ದ ಹಿಡಿದು ತಿರುಗಿಸಬೇಡಿ. ಮಗು ನೋಡುತ್ತಿರುವುದನ್ನು ನೀವೂ ನೋಡಿ, ಅದರ ಹೆಸರು ಹೇಳಿ.

ನಮ್ಮ ಮಾರಿಕುಪ್ಪಂ ಕಡೆ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತಮಿಳು, ನೆರೆಯಲ್ಲಿ ತೆಲುಗು, ಅಂಗನವಾಡಿಯಲ್ಲಿ ಕನ್ನಡ. “ಭಾಷೆ ಹೆಚ್ಚಾಗಿದ್ದಕ್ಕೇ ಮಗು ಹೀಗಾಯ್ತು” ಎನ್ನುವವರುಂಟು. ಹಾಗೇನಿಲ್ಲ. ನಿಮಗೆ ಸರಾಗವಾಗಿ ಬರುವ ಭಾಷೆಯಲ್ಲೇ ಮಾತಾಡಿಸಿ, ಆಡಿಸಿ.

ಜೊತೆಗೆ ಪರೀಕ್ಷೆಯನ್ನೂ ಮಾಡಿಸಲೇಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೇ ಬಂದು ಮಕ್ಕಳ ಬೆಳವಣಿಗೆ ನೋಡುತ್ತಾರೆ. ಅವರು ಬರುವ ದಿನ ತಿಳಿಸುವಂತೆ ಟೀಚರಿಗೆ ಹೇಳಿಡಿ. ಕೂಗಿದರೆ ತಿರುಗದ ಮಗುವಿಗೆ ಕಿವಿ ಪರೀಕ್ಷೆಯೂ ಆಗಲಿ. ಬೆಂಗಳೂರಿಗೆ ಇಲ್ಲಿಂದ ರೈಲಿದೆ. ಅಲ್ಲಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸ್ವಲೀನತೆಯೂ ಸೇರಿದೆ ಎಂಬುದು ನೆನಪಿರಲಿ.

ಇನ್ನೊಂದು ಮಾತು. ಇದು ತಾಯಿಯೊಬ್ಬಳ ಕೆಲಸವಲ್ಲ. ಸಂಜೆ ಮಗುವಿನ ಅಪ್ಪನನ್ನೂ, “ಸರಿಹೋಗುತ್ತೆ ಬಿಡು” ಎಂದ ಅಜ್ಜಿಯನ್ನೂ ಚೆಂಡಿನ ಮುಂದೆ ಕೂರಿಸಿ. ಅವರ ಸರದಿಯೂ ಬರಲಿ!