ಹೋಂ ನರ್ಸ್ ಲೆಕ್ಕ ಮನೆಯವರೆಲ್ಲರಿಗೂ ಗೊತ್ತಿರಲಿ

ಮಕ್ಕಳು ದುಬೈ, ದಮಾಮ್, ಬೆಂಗಳೂರು ಅಂತ ಹಂಚಿಹೋಗಿ, ಊರಲ್ಲಿ ಉಮ್ಮ ಮಾತ್ರ ಉಳಿದಿರುವ ಮನೆಗಳು ಉಳ್ಳಾಲದಿಂದ ಬಂಟ್ವಾಳದವರೆಗೆ ಎಷ್ಟು ಬೇಕಾದರೂ ಸಿಗುತ್ತವೆ. ಉಮ್ಮ ಬಿದ್ದು ಸೊಂಟದ ಮೂಳೆ ಮುರಿದರೆ ಮೊದಲು ಬರುವ ಮಾತು, 'ಹೋಂ ನರ್ಸ್ ಒಬ್ಬರನ್ನು ಇಡುವ'. ಇಡುವುದರಲ್ಲಿ ತಪ್ಪೇನಿಲ್ಲ. ಆದರೆ ಎಷ್ಟು ಕೊಡುತ್ತೇವೆ, ಯಾವುದಕ್ಕೆ ಕೊಡುತ್ತೇವೆ ಎಂಬುದು ಮನೆಯವರಲ್ಲಿ ಅರ್ಧ ಜನಕ್ಕೂ ಗೊತ್ತಿರುವುದಿಲ್ಲ.

ಏಜೆನ್ಸಿಯವರು ಫೋನಿನಲ್ಲಿ ಒಂದು ದರ ಹೇಳುತ್ತಾರೆ. ಆಮೇಲೆ ರಿಜಿಸ್ಟ್ರೇಷನ್ ಫೀಸು, ಅಡ್ವಾನ್ಸು ಅಂತ ಒಂದೊಂದೇ ಹೊರಬರುತ್ತದೆ. ಬಂದವರು ವಾರದಲ್ಲೇ ಬಿಟ್ಟುಹೋದರೆ ಹಣ ವಾಪಸ್ ಸಿಗುತ್ತದಾ? ಕಾಗದದಲ್ಲಿ ಏನೂ ಇರುವುದಿಲ್ಲ. ಹಗಲು ರಾತ್ರಿ ಮಲ ಮೂತ್ರ ತೆಗೆಯುವ ಆಕೆಯ ಕೈಗೆ ಅದರಲ್ಲಿ ಎಷ್ಟು ಸೇರುತ್ತದೆ ಎಂದು ಕೇಳುವವರೂ ಕಡಿಮೆ. ಕೇಳಬೇಕು. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಹಾಕಬೇಕೆಂದು ರಾಜ್ಯದ ಕಾನೂನೇ ಹೇಳುತ್ತದೆ. ಏಜೆನ್ಸಿಗಳೂ ಸಂಬಳ ಎಷ್ಟು, ಕಮಿಷನ್ ಎಷ್ಟು ಎಂದು ಬರೆದು ಕೊಡಲಿ.

ಏಜೆನ್ಸಿಗಿಂತ ಹೆಚ್ಚು ಮುಚ್ಚುಮರೆ ಇರುವುದು ನಮ್ಮ ಮನೆಯೊಳಗೇ. ಗಲ್ಫಿನ ಮಗ 'ನಾನೇ ಎಲ್ಲ ಕಳಿಸುವುದು' ಅನ್ನುತ್ತಾನೆ. ಊರಿನ ತಮ್ಮ 'ಡಯಾಪರ್, ಮಾತ್ರೆ, ರಿಕ್ಷಾ ಬಾಡಿಗೆ ಯಾರು ಕೊಡುವುದು?' ಅನ್ನುತ್ತಾನೆ. ಇಬ್ಬರದೂ ಸುಳ್ಳಲ್ಲ, ಲೆಕ್ಕ ಒಂದು ಕಡೆ ಇಲ್ಲ ಅಷ್ಟೆ. ಗಂಡನ ಮನೆಯಿಂದ ಬಂದು ವಾರಕ್ಕೆ ನಾಲ್ಕು ದಿನ ನಿಲ್ಲುವ ಮಗಳ ದುಡಿಮೆಯಂತೂ ಯಾರ ಲೆಕ್ಕದಲ್ಲೂ ಇಲ್ಲ. ಆಸ್ತಿ ಪಾಲಾಗುವ ದಿನ ಇದೆಲ್ಲ ಎದ್ದು ಬರುತ್ತದೆ. ಸಾಲದ ವ್ಯವಹಾರ ಬರೆದಿಡಿ ಎನ್ನುವ ಸೂರಃ ಅಲ್ ಬಕರದ 282ನೇ ಆಯತನ್ನು ಮದ್ರಸದಲ್ಲಿ ಮಕ್ಕಳಿಗೆ ಓದಿಸುತ್ತೇವೆ. ಕುರ್‌ಆನಿನಲ್ಲೇ ಅತಿ ಉದ್ದದ ಆಯತ್ ಅದು. ಅಣ್ಣ ತಮ್ಮಂದಿರ ನಡುವೆ ಬರೆದಿಟ್ಟರೆ ಮಾತ್ರ 'ನನ್ನ ಮೇಲೆ ನಂಬಿಕೆ ಇಲ್ಲವಾ' ಅಂತ ಬೇಜಾರು ಯಾಕೆ?

ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಂತೆ ಸಹಾಯಕ ಆಯುಕ್ತರಿಗೆ ಅರ್ಜಿ ಕೊಡಬಹುದು. 14567 ಸಹಾಯವಾಣಿಯೂ ಇದೆ. ಆದರೆ ಆ ಕಾಯ್ದೆಯಲ್ಲಿ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಹಗಲು ರಾತ್ರಿ ನಿಲ್ಲುವ ಹೋಂ ನರ್ಸ್‌ಗೆ ಅದು ಸಾಲುವುದಿಲ್ಲ.

ಅಲ್ಲಿಯವರೆಗೆ ಹೋಗುವ ಮೊದಲು ಒಂದು ನೋಟ್‌ಬುಕ್ ತನ್ನಿ. ಬಂದ ಹಣ, ಹೋದ ಹಣ, ಯಾರು ಎಷ್ಟು ದಿನ ನಿಂತರು ಎಲ್ಲ ಬರೆಯಿರಿ. ತಿಂಗಳ ಕೊನೆಗೆ ಫೋಟೋ ತೆಗೆದು ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ. ಅದಕ್ಕಿಂತ ಮೊದಲು ಉಮ್ಮನಿಗೆ ಓದಿ ಹೇಳಿ. ಅಂಗಡಿ ಕೋಣೆಯ ಬಾಡಿಗೆ, ಮಾರಿದ ಬಳೆ ಅಂತ ಎಷ್ಟೋ ಮನೆಗಳಲ್ಲಿ ಆ ಹಣ ಉಮ್ಮನದ್ದೇ.