ವೈರಸ್ ಹೋಯ್ತು, ಎರರ್ ಹೋಗಲಿಲ್ಲ

"ಅಳಿಯಾ, ವೈರಸ್ ಹೋತು ಅಂತ ಆಂಟಿವೈರಸ್ ಹೇಳ್ತೈತಿ. ಆದ್ರ ಕಂಪ್ಯೂಟರ್ ಚಾಲೂ ಮಾಡಿದ್ ಕೂಡ್ಲೆ ಸ್ಕ್ರಿಪ್ಟ್ ಫೈಲ್ ಸಿಗ್ಲಿಲ್ಲ ಅಂತ ಬರ್ತೈತಿ. ಆ ಫೈಲ್ ನೆಟ್‌ನ್ಯಾಗ ಹುಡುಕಿ ಇಳಿಸ್ಲೇನು?"

ಕುಮಾರಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಮಾಮಾನ ಫೋನು. ಬ್ಯಾಡ್ರಿ ಮಾಮಾ ಅಂದೆ. ವಿಂಡೋಸ್ ಹುಡುಕುತ್ತಿರುವ ಆ ಫೈಲೇ ವೈರಸ್ಸು! ಗಿರಾಕಿಗಳ ಪೆನ್‌ಡ್ರೈವ್‌ನಲ್ಲಿ ಬಂದಿರುತ್ತೆ. ಆಂಟಿವೈರಸ್ ಫೈಲನ್ನು ಅಳಿಸಿದೆ, ಆದರೆ 'ಚಾಲೂ ಆದಾಗ ಇದನ್ನು ಓಡಿಸು' ಅಂತ ವೈರಸ್ ರಿಜಿಸ್ಟ್ರಿಯಲ್ಲಿ ಬರೆದಿಟ್ಟ ಸಾಲು ಹಾಗೇ ಉಳಿದಿದೆ. ಡಿಎಲ್ಎಲ್ ಸಿಗಲಿಲ್ಲ ಅನ್ನುವ ಎರರ್ ಕೂಡ ಬಹಳ ಸಲ ಇದೇ ಕಥೆ.

ಇದಕ್ಕೆ ಫಾರ್ಮ್ಯಾಟ್ ಯಾಕೆ ಹೊಡೆಸ್ತಾರೋ! ಮೈಕ್ರೋಸಾಫ್ಟ್ ಸೈಟ್‌ನಲ್ಲೇ ಆಟೋರನ್ಸ್ ಅನ್ನುವ ಪುಕ್ಕಟೆ ಟೂಲ್ ಇದೆ. 2006ರಲ್ಲಿ ಅವರು ಕೊಂಡ ಸಿಸ್‌ಇಂಟರ್ನಲ್ಸ್‌ನದು. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಫೈಲ್ ಇಲ್ಲದ ಸಾಲುಗಳು ಹಳದಿ ಬಣ್ಣದಲ್ಲಿ ಕಾಣುತ್ತವೆ. ಹಳದಿ ಕಂಡದ್ದೆಲ್ಲ ವೈರಸ್ ಅಲ್ಲ; ಎರರ್‌ನಲ್ಲಿದ್ದ ಹೆಸರೇ ಇರುವ ಸಾಲಿನ ಟಿಕ್ ಮಾತ್ರ ತೆಗೆಯಿರಿ. ಲಾಗಾನ್ ಟ್ಯಾಬ್‌ನಲ್ಲಿ ಸಿಗದಿದ್ದರೆ ಶೆಡ್ಯೂಲ್ಡ್ ಟಾಸ್ಕ್ಸ್ ನೋಡಿ. ರೀಸ್ಟಾರ್ಟ್ ಮಾಡಿ, ಎಲ್ಲ ಸರಿಯಿದ್ದರೆ ಆಮೇಲೆ ಡಿಲೀಟ್.

ತೆಗೆದ ಸಾಲು ಮತ್ತೆ ಹುಟ್ಟಿಕೊಂಡರೆ ವೈರಸ್ ಇನ್ನೂ ಜೀವಂತ ಇದೆ ಅಂತಲೇ. ಆಗ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಹಾಕಿ. ಅಲ್ಲಿವರೆಗೂ ಆ ಕಂಪ್ಯೂಟರ್‌ಗೆ ಯಾರ ಪೆನ್‌ಡ್ರೈವೂ ಚುಚ್ಚಬೇಡಿ.