ಪ್ರಥಮಫಲದ ಪುಟ್ಟಿ

ದೇವರ ಉಪಕಾರಗಳನ್ನು ನೆನೆಯಬೇಕೆಂದು ನಾವೆಲ್ಲರೂ ಹೇಳುತ್ತೇವೆ. ನೆನೆಯುವ ಬಗೆ ಹೇಗೆಂಬುದನ್ನು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವು ಕಲಿಸುತ್ತದೆ. ಇಸ್ರಾಯೇಲ್ಯನು ತನ್ನ ಹೊಲದ ಪ್ರಥಮಫಲವನ್ನು ಪುಟ್ಟಿಯಲ್ಲಿಟ್ಟು ತಂದು ಯಾಜಕನಿಗೆ ಒಪ್ಪಿಸಬೇಕು; ಒಪ್ಪಿಸಿ ಸುಮ್ಮನೆ ಹಿಂದಿರುಗುವಂತಿಲ್ಲ. ತನ್ನ ಮೂಲಪುರುಷನು ನೆಲೆಯಿಲ್ಲದೆ ಅಲೆದವನು, ಕೆಲವೇ ಜನರೊಡನೆ ಐಗುಪ್ತಕ್ಕೆ ಹೋಗಿ ಪರದೇಶಿಯಾಗಿ ಬಾಳಿದವನು, ಅಲ್ಲಿ ದಾಸತ್ವದಲ್ಲಿ ನವೆದ ಸಂತತಿಯನ್ನು ದೇವರೇ ಬಿಡಿಸಿ ತಂದನು ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಅಲ್ಲಿ ಸ್ತೋತ್ರವು ಮನೆತನದ ಕಥೆಯಿಂದಲೇ ಪ್ರಾರಂಭ.

ಊರು ಬಿಟ್ಟು ಬಂದ ನಮಗೆ ಈ ಮಾತು ಬೇಗ ನಾಟೀತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಯ ಸಭೆಗಳಲ್ಲಿ, ಸುಗ್ಗಿಹಬ್ಬದ ದಿನ ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿಗಳನ್ನು ದೇವಾಲಯಕ್ಕೆ ತಂದು, ಆರಾಧನೆಯ ತರುವಾಯ ಹರಾಜು ಹಾಕುವುದುಂಟು. (ಆ ಹರಾಜಿನ ಗದ್ದಲವೂ ಒಂದು ಸೊಗಸೇ!) ಶಹರದಲ್ಲಿ ಹೊಲವೆಲ್ಲಿಯದು? ಕಾಣಿಕೆಯ ಲಕೋಟೆಯನ್ನು ಹಾಕಿ ಬರುತ್ತೇವೆ. ಕಥೆಯನ್ನು ಮಾತ್ರ ಹೇಳುವುದಿಲ್ಲ. ಅಜ್ಜ ಯಾವ ಊರಿನಿಂದ ಹೊರಟರು, ಮೊದಲ ರಾತ್ರಿ ಯಾರ ಮನೆಯಲ್ಲಿ ಮಲಗಿದರು, ಯಾರು ಕೆಲಸ ಕೊಡಿಸಿದರು, ಮಕ್ಕಳಿಗೆ ಒಂದೂ ತಿಳಿಯದು. ಹಾಗಿದ್ದ ಮೇಲೆ ನಾವು ಯಾವುದಕ್ಕಾಗಿ ದೇವರನ್ನು ಕೊಂಡಾಡುತ್ತೇವೆಂಬುದು ಅವರಿಗೆ ಹೇಗೆ ತಿಳಿಯಬೇಕು?

ಅದೇ ಅಧ್ಯಾಯದ 11ನೆಯ ವಚನದ ಪ್ರಕಾರ, ಆ ದಿನದ ಸಂತೋಷದಲ್ಲಿ ಲೇವಿಯನಿಗೂ, ನಡುವೆ ವಾಸಿಸುವ ಪರದೇಶದವನಿಗೂ ಪಾಲಿದೆ. ಆದುದರಿಂದ ಈ ಸಲದ ಹಬ್ಬದೂಟಕ್ಕೆ, ಮೊನ್ನೆಯಷ್ಟೇ ಊರಿನಿಂದ ಬಂದು ಬಾಡಿಗೆಯ ಕೋಣೆ ಹುಡುಕುತ್ತಿರುವ ಹುಡುಗನೊಬ್ಬನಿದ್ದರೆ ಅವನನ್ನೂ ಕರೆಯಿರಿ. ಅಜ್ಜನ ಕಥೆಯನ್ನು ಅವನೂ ಕೇಳಲಿ.